ಒಂದೇ ಸಾಕೆಟ್, ಸಾವಿರ ಪೋರ್ಟ್: ಲಿನಕ್ಸ್‌ನಲ್ಲಿ ಎಸ್‌ಕೆ ಲುಕಪ್ ಜೋಡಿಸುವ ಬಗೆ

4000ರಿಂದ 4999ರವರೆಗಿನ ಯಾವ ಪೋರ್ಟ್ ತಟ್ಟಿದರೂ 8080ರಲ್ಲಿರುವ ನನ್ನ ಟಿಸಿಪಿ ಸರ್ವರ್ ಓಗೊಡಬೇಕು. ಇದಕ್ಕಾಗಿ ನಾನು ಸಾವಿರ ಸಾಕೆಟ್ (ಪ್ರೋಗ್ರಾಂ ಜಾಲದೊಡನೆ ಮಾತಾಡುವ ತುದಿ) ತೆರೆಯುವುದಿಲ್ಲ, ಪ್ಯಾಕೆಟ್‌ನ ವಿಳಾಸ ತಿದ್ದುವ ಫೈರ್‌ವಾಲ್ ನಿಯಮವನ್ನೂ ಬರೆಯುವುದಿಲ್ಲ. 2020ರಲ್ಲಿ ಬಂದ ಲಿನಕ್ಸ್ 5.9ರಿಂದ ಎಸ್‌ಕೆ ಲುಕಪ್ ಎಂಬ ಬಗೆಯ ಇಬಿಪಿಎಫ್ ಪ್ರೋಗ್ರಾಂ, ಅಂದರೆ ಕರ್ನಲ್‌ನೊಳಗೇ ಓಡುವ ಪುಟ್ಟ ಪ್ರೋಗ್ರಾಂ, ಇದೆ. ಹೊಸ ಸಂಪರ್ಕಕ್ಕೆ ಕಾಯುತ್ತಿರುವ ಸಾಕೆಟ್ ಯಾವುದೆಂದು ಕರ್ನಲ್ ಹುಡುಕುವ ಮುನ್ನ ಅದು ಓಡುತ್ತದೆ. ಆಗಲೇ ಕುದುರಿರುವ ಸಂಪರ್ಕಗಳ ಗೊಡವೆಗೆ ಹೋಗುವುದಿಲ್ಲ. ಹಾಗಾಗಿ ಚಾಲ್ತಿಯಲ್ಲಿರುವ ಸರ್ವರ್ ಮೇಲೂ ಧೈರ್ಯವಾಗಿ ಬಳಸುತ್ತೇನೆ.

ಪ್ರೋಗ್ರಾಂ ಪುಟ್ಟದು. ಸ್ಥಳೀಯ ಪೋರ್ಟ್ ನಮ್ಮ ವ್ಯಾಪ್ತಿಯಲ್ಲಿದೆಯೇ ನೋಡಿ. ಇಲ್ಲದಿದ್ದರೆ ‘ಪಾಸ್’ ಎಂದು ಮರಳಿ, ಹುಡುಕಾಟ ಎಂದಿನಂತೆ ಸಾಗುತ್ತದೆ. ಇದ್ದರೆ ಸಾಕ್‌ಮ್ಯಾಪ್ ಎಂಬ ಸಾಕೆಟ್‌ಗಳ ಕೋಷ್ಟಕದ ಸೊನ್ನೆಯ ಕೀಲಿಯಿಂದ ಸಾಕೆಟ್ ತೆಗೆದು, ಬಂದ ಸಂಪರ್ಕಕ್ಕೆ ಅಸೈನ್ ಮಾಡಿ, ತೆಗೆದ ಉಲ್ಲೇಖವನ್ನು ರಿಲೀಸ್ ಮಾಡಿ, ಬಳಿಕ ‘ಪಾಸ್’ ಎನ್ನಿ. ರಿಲೀಸ್ ಬಿಟ್ಟರೆ, ಪ್ರೋಗ್ರಾಂ ಅನ್ನು ಮೊದಲೇ ಪರೀಕ್ಷಿಸುವ ಕರ್ನಲ್‌ನ ವೆರಿಫೈಯರ್ ಒಳಗೇ ಬಿಡದು. ಇನ್ನೊಂದು ಸೂಕ್ಷ್ಮ: ಸ್ಥಳೀಯ ಪೋರ್ಟ್ ಯಂತ್ರದ ಬೈಟ್ ಕ್ರಮದಲ್ಲಿ ಸಿಗುತ್ತದೆ, ದೂರದ ಪೋರ್ಟ್ ಜಾಲದ ಕ್ರಮದಲ್ಲಿ. ಎರಡಕ್ಕೂ ಒಂದೇ ಪರಿವರ್ತನೆ ಹಾಕಿದರೆ ಹೋಲಿಕೆ ಸದ್ದಿಲ್ಲದೆ ತಪ್ಪುತ್ತದೆ. ಕ್ಲ್ಯಾಂಗ್‌ನಲ್ಲಿ ಬಿಪಿಎಫ್ ಗುರಿಗೆ ಕಂಪೈಲ್ ಮಾಡಿ.

ಮುಂದಿನದು ಲೋಡರ್, ಅಂದರೆ ಇದನ್ನು ಕರ್ನಲ್‌ಗೆ ಏರಿಸುವ ಪ್ರೋಗ್ರಾಂ. ಇಬಿಪಿಎಫ್ ಪ್ರೋಗ್ರಾಂ ಅಂಟಿಕೊಳ್ಳುವುದು ನೆಟ್‌ವರ್ಕ್ ಕಾರ್ಡ್‌ಗಲ್ಲ, ನೆಟ್‌ವರ್ಕ್ ನೇಮ್‌ಸ್ಪೇಸ್‌ಗೆ (ತನ್ನದೇ ಜಾಲ ವ್ಯವಸ್ಥೆಯಿರುವ ಪ್ರತ್ಯೇಕ ವಲಯ). ಸರ್ವರ್ ಕಂಟೇನರ್‌ನಲ್ಲಿದ್ದರೆ ಅದರ ನೇಮ್‌ಸ್ಪೇಸ್‌ನ ಕಡತವನ್ನೇ ತೆರೆದು ಲಿಬ್‌ಬಿಪಿಎಫ್ ಲೈಬ್ರರಿಗೆ ಕೊಡಿ. ಸಿಕ್ಕ ಲಿಂಕನ್ನೂ (ಜೋಡಣೆಯ ಹಿಡಿಕೆ) ಸಾಕ್‌ಮ್ಯಾಪನ್ನೂ ಬಿಪಿಎಫ್ ಕಡತವ್ಯವಸ್ಥೆಯಲ್ಲಿ ಪಿನ್ ಮಾಡಿ (ಕಡತವಾಗಿ ಉಳಿಸಿ), ಇಲ್ಲವಾದರೆ ಲೋಡರ್ ಮುಗಿದೊಡನೆ ಜೋಡಣೆಯೂ ಕಳಚುತ್ತದೆ.

ಸರ್ವರ್‌ನ ಕೋಡ್ ಮುಟ್ಟಬೇಕಿಲ್ಲ ಎಂಬುದು ನನಗೆ ಅತ್ಯಂತ ಪ್ರಿಯವಾದ ಭಾಗ. ಲಿನಕ್ಸ್ 5.6ರಿಂದ ಇರುವ ಪಿಡ್‌ಎಫ್‌ಡಿ ಗೆಟ್‌ಎಫ್‌ಡಿ ಎಂಬ ಸಿಸ್ಟಂ ಕರೆಯಿಂದ, ಓಡುತ್ತಿರುವ ಪ್ರಕ್ರಿಯೆಯ ಸಾಕೆಟ್‌ಗೆ ಪ್ರತಿ ಪಡೆದು ಮ್ಯಾಪ್‌ಗೆ ಸೇರಿಸಬಹುದು. ಸಾಕೆಟ್ ಆಗಲೇ ಲಿಸನ್ ಸ್ಥಿತಿಯಲ್ಲಿರಬೇಕು, ಅಷ್ಟೇ.

ಈಗ ಬೇರೆ ಯಂತ್ರದಿಂದ 4321ಕ್ಕೆ ಸಂಪರ್ಕಿಸಿ. ಫೈರ್‌ವಾಲ್ ಈ ಹಂತಕ್ಕಿಂತ ಮೊದಲೇ ಬರುವುದರಿಂದ ಅಲ್ಲಿ ಆ ಸಾವಿರ ಪೋರ್ಟ್‌ಗಳಿಗೂ ಅನುಮತಿ ಬೇಕು. ಒಪ್ಪಿಕೊಂಡ ಸಾಕೆಟ್‌ನ ಸ್ಥಳೀಯ ವಿಳಾಸ ಕೇಳಿದರೆ ಸರ್ವರ್‌ಗೆ 8080 ಅಲ್ಲ, 4321 ಎಂದೇ ಸಿಗುತ್ತದೆ. ಗ್ರಾಹಕ ಯಾವ ಬಾಗಿಲಿಗೆ ಬಂದನೆಂಬ ಮಾಹಿತಿ ಕಳೆದುಹೋಗುವುದಿಲ್ಲ. ಸಂಪರ್ಕ ಸಿಗದಿದ್ದರೆ ಬಿಪಿಎಫ್‌ಟೂಲ್ ಎಂಬ ಉಪಕರಣದಲ್ಲಿ ಲಿಂಕ್‌ಗಳ ಪಟ್ಟಿ ತೆಗೆದು ನೋಡಿ. ಲಿಂಕ್ ಇದ್ದೂ ನಿರಾಕರಣೆ ಬರುತ್ತಿದ್ದರೆ ಸರ್ವರ್ ಮರುಪ್ರಾರಂಭವಾಗಿರಬಹುದು. ಮುಚ್ಚಿದ ಸಾಕೆಟ್ ಮ್ಯಾಪ್‌ನಿಂದ ತಾನೇ ಅಳಿಯುತ್ತದೆ, ಹೊಸದನ್ನು ನಾವೇ ತುಂಬಬೇಕು. ಆ ಕೆಲಸವನ್ನು ಸರ್ವರ್ ಅನ್ನು ಚಾಲೂ ಮಾಡುವ ಸಿಸ್ಟಮ್‌ಡಿ ಯೂನಿಟ್‌ನಲ್ಲಿ, ಸರ್ವರ್ ಶುರುವಾದ ನಂತರದ ಹೆಜ್ಜೆಯಾಗಿ ಸೇರಿಸಿಬಿಡಿ.