ಅಡ್ಡಮಳೆಗೂ ಮೊದಲು ಏಣಿ ಹತ್ತಿರಿ

ರಂಗಪಂಚಮಿಯ ಬಣ್ಣ ತೊಳೆದುಕೊಂಡ ಮೇಲೆ ಯುಗಾದಿಗೆ ಹತ್ತು-ಹನ್ನೊಂದು ದಿನ ಸಿಗುತ್ತವೆ. ಸುಣ್ಣ ಬಳಿಯಲು ಏಣಿ ಹೇಗೂ ಹೊರಗೆ ಬಂದಿರುತ್ತದೆ. ಅದೇ ಏಣಿ ಹಚ್ಚಿ ಮೊದಲು ಮಾಳಿಗೆ ನೋಡಿಕೊಳ್ಳಿರಿ, ಸುಣ್ಣ ಆಮೇಲೆ. ಮುಂಗಾರಿಗೂ ಮೊದಲು ಬೀಳುವ ಅಡ್ಡಮಳೆಗಳು, ಅಂದರೆ ಅಶ್ವಿನಿ, ಭರಣಿ ಮಳೆಗಳು, ಹುಬ್ಬಳ್ಳಿ-ಧಾರವಾಡದ ಕಡೆ ನೀರಿಗಿಂತ ಗಾಳಿಯಿಂದಲೇ ಹೆಚ್ಚು ಹಾಳು ಮಾಡುತ್ತವೆ.

ಪತ್ರಾಸಿನ, ಅಂದರೆ ತಗಡು ಹೊದಿಸಿದ, ಮನೆಯವರು ಒಂದು ಮಾತು ತಿಳಿದಿರಬೇಕು. ಗಾಳಿ ತಗಡನ್ನು ಮೇಲಿಂದ ಒತ್ತುವುದಿಲ್ಲ, ಎತ್ತುತ್ತದೆ. ಮೊದಲು ಏಳುವುದು ಸೂರಿನ ಅಂಚು ಮತ್ತು ಮೂಲೆ. ನಟ್ಟನಡುವೆ ಬೋಲ್ಟ್ ಎಷ್ಟಿದ್ದರೇನು, ಅಂಚಿನಲ್ಲಿ ಒಂದು ಬಿಟ್ಟು ಒಂದು ಉಬ್ಬಿಗೆ ಜೆ-ಹುಕ್ (ಜೆ ಆಕಾರಕ್ಕೆ ಬಾಗಿದ ಬೋಲ್ಟ್) ಬೀಳಬೇಕು. ತೂತು ಉಬ್ಬಿನ ಮೇಲೆಯೇ ಇರಲಿ. ತಗ್ಗಿನಲ್ಲಿ ಹೊಡೆದರೆ ನೀರು ಹರಿಯುವ ದಾರಿಗೇ ತೂತು ಮಾಡಿದಂತೆ. ರಬ್ಬರ್ ವಾಷರನ್ನು ಉಗುರಿನಿಂದ ಒತ್ತಿ ನೋಡಿರಿ, ಬಿರಿದು ಪುಡಿ ಉದುರಿದರೆ ಬದಲಿಸಿರಿ. ನಟ್ಟು ಬಿಗಿಯುವಾಗ ವಾಷರ್ ಚಪ್ಪಟೆಯಾದರೆ ಸಾಕು. ಜೋರು ತೋರಿಸಲು ಹೋಗಿ ಉಬ್ಬು ಕುಸಿದರೆ ಅಲ್ಲೇ ನೀರು ನಿಂತು ತುಕ್ಕು ಹಿಡಿಯುತ್ತದೆ. ಸೂರು ಗೋಡೆಯಿಂದ ಒಂದು ಅಡಿಗಿಂತ ಹೆಚ್ಚು ಚಾಚಿರಬಾರದು. ಇಷ್ಟಾದರೂ ತಗಡಿನ ಕೆಳಗಿನ ಅಡ್ಡ ಪೈಪನ್ನು ಗೋಡೆಗೆ ಕಟ್ಟಿರದಿದ್ದರೆ ಚೌಕಟ್ಟು ಸಮೇತ ಹಾರಿ ಹೋಗುತ್ತದೆ. ಗೋಡೆಯೊಳಗೆ ಎರಡು ಅಡಿಯಾದರೂ ಇಳಿದ ಕಬ್ಬಿಣದ ಪಟ್ಟಿಯಿಂದ ಅದನ್ನು ಹಿಡಿಸಬೇಕು. ತಗಡಿನ ಮೇಲೆ ಬಿಡಿ ಕಲ್ಲು ಹೇರುವ ರೂಢಿ ಬಿಡಿರಿ. ತಗಡು ಎದ್ದರೆ ಆ ಕಲ್ಲು ಯಾರ ತಲೆ ಮೇಲೆ ಬೀಳುತ್ತದೋ!

ಗದಗ, ನವಲಗುಂದದ ಕಡೆಯ ಮಣ್ಣಿನ ಮಾಳಿಗೆಗೆ ಕರಲು ಮಣ್ಣೇ ಸರಿ. ಮಳೆ ಬಿದ್ದೊಡನೆ ಅದು ಕದಡಿ ಸಂದಿಗಳಿಗೆ ಇಳಿದು ತಾನೇ ಮುಚ್ಚಿಕೊಳ್ಳುತ್ತದೆ, ಉಪ್ಪಿನಂಶಕ್ಕೆ ಹುಲ್ಲೂ ಹುಟ್ಟುವುದಿಲ್ಲ. ಎರೆಮಣ್ಣು ಹಾಕಿದರೆ ಬಿಸಿಲಿಗೆ ಬಿರುಕು ಬಿಡುತ್ತದೆ. ಪ್ರತಿ ವರ್ಷ ಹೊಸದನ್ನು ಹೇರುತ್ತಲೇ ಹೋದರೆ ತೊಲೆ ಬಾಗುತ್ತದೆ. ಆದ್ದರಿಂದ ಹಳೆಯ ಪದರ ಕೆರೆದು ಇಳಿಸಿ, ನಂತರ ಎರಡು ಬೆರಳು ದಪ್ಪ ಹಾಕಿ ನೀರು ಹೊರಬೀಳುವ ದೋಣಿಯ ಕಡೆ ಇಳಿಜಾರು ಮಾಡಿರಿ. ಆರ್‌ಸಿಸಿ ಮನೆಯವರಿಗೆ ಕೆಲಸ ಕಡಿಮೆ: ನೀರಿಳಿಯುವ ಪೈಪಿಗೆ ಎರಡು ಕೊಡ ನೀರು ಸುರಿದು ನೋಡಿದರೆ ಎಲೆ ಕಟ್ಟಿದೆಯೋ ಇಲ್ಲವೋ ತಿಳಿಯುತ್ತದೆ.

ಎರೆ ನೆಲದಲ್ಲಿ ಬೇಸಿಗೆಗೆ ಗೋಡೆ ಪಕ್ಕ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಮೊದಲ ಮಳೆಯ ನೀರು ಅದರೊಳಗಿಂದ ನೇರ ಪಾಯಕ್ಕೆ ಇಳಿದು, ಮಣ್ಣು ಉಬ್ಬಿ, ಬಾಗಿಲು ಸಿಕ್ಕಿಕೊಳ್ಳುತ್ತದೆ, ಗೋಡೆ ಸೀಳುತ್ತದೆ. ಬಿರುಕಿಗೆ ಗರಸು ತುಂಬಿ ಬಡಿದು, ಗೋಡೆಯಿಂದ ಎರಡು-ಮೂರು ಅಡಿ ಅಗಲಕ್ಕೆ ಹೊರಗಿಳಿಯುವಂತೆ ಹಾಸಿರಿ.

ಇನ್ನು ಪ್ಲಾಸ್ಟಿಕ್ ಟಾಕಿ. ನಮ್ಮ ಕಡೆ ನೀರು ದಿನಾ ಬರುವುದಿಲ್ಲ, ಟಾಕಿ ಖಾಲಿ ಇರುವ ದಿನವೇ ಬಿರುಗಾಳಿ ಬಂದರೆ ಹಾರಿ ಹೋಗಬಹುದು. ಐನೂರು ಲೀಟರಿನ ಟಾಕಿಯಲ್ಲಿ ಕಾಲು ಭಾಗ ನೀರಿದ್ದರೂ 125 ಕಿಲೋ ತೂಕ. ಅಷ್ಟನ್ನು ಕೊನೆಯವರೆಗೂ ಉಳಿಸಿಕೊಂಡು, ಹಗ್ಗದಿಂದಲೂ ಕಟ್ಟಿರಿ.

ಕರೆಂಟಿನ ತಂತಿ ಮುಟ್ಟುವ ಕೊಂಬೆಯನ್ನು ನೀವೇ ಕಡಿಯಬೇಡಿರಿ, 1912ಕ್ಕೆ ಫೋನ್ ಮಾಡಿ ಹೆಸ್ಕಾಂಗೆ ಹೇಳಿರಿ. ಬಟ್ಟೆ ಒಣಹಾಕಲು ಕಬ್ಬಿಣದ ತಂತಿ ಕಟ್ಟಿದ್ದರೆ ಈಗಲೇ ಬಿಚ್ಚಿ ನೈಲಾನ್ ಹಗ್ಗ ಕಟ್ಟಿರಿ. ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರ್ ಸುಲಿದು ಪತ್ರಾಸಿಗೆ ತಾಗಿದರೆ, ಅದೇ ಪತ್ರಾಸಿಗೆ ಕಟ್ಟಿದ ತಂತಿಯಲ್ಲೂ ಕರೆಂಟ್ ಹರಿಯುತ್ತದೆ. ಒದ್ದೆ ಬಟ್ಟೆ ಹಿಡಿದು ಹೋದವರ ಕೈಗೆ ಮೊದಲು ಸಿಗುವುದು ಅದೇ.