ಕೂಸು ಒಮ್ಮಿಂದೊಮ್ಮೆಲೆ ಎದಿಹಾಲು ಒಲ್ಲೆ ಅಂದ್ರ ಏನ್ ಮಾಡ್ಬೇಕು?

ನಿನ್ನಿ ತನಕ ಹೊಟ್ಟಿತುಂಬ ಹಾಲು ಕುಡ್ದು ಮಲಗ್ತಿದ್ದ ಏಳೆಂಟು ತಿಂಗಳ ಕೂಸು ಇವತ್ತು ಎದಿಗಿ ಹಚ್ಚಿದ್ರ ಸಾಕು ಮಾರಿ ತಿರುವ್ತದ, ಬೆನ್ನು ಸೆಟೆಸಿ ಚೀರ್ತದ. ಆಗ ಮನ್ಯಾಗ ಒಬ್ಬೊಬ್ಬರು ಒಂದೊಂದು ಮಾತು ಶುರು ಮಾಡ್ತಾರ. ಹಾಲು ಬತ್ತ್ಯಾವ ಅಂತ ಅತ್ತಿ, ದೃಷ್ಟಿ ಆಗ್ಯಾದ ಅಂತ ಆಯಿ, ಬಾಜು ಮನಿಯವರಂತೂ "ತಾನೇ ಬಿಟ್ಟದ, ಛಲೋನೇ ಆಯ್ತು ತಗೋ, ಬಾಟಲಿ ಹಚ್ಚು" ಅಂತಾರ. ಈ ಕೊನಿ ಮಾತು ಮಾತ್ರ ಕೇಳಬ್ಯಾಡ್ರಿ. ವರ್ಷದೊಳಗಿನ ಕೂಸು ತನ್ನಷ್ಟಕ್ಕ ತಾನು ಒಂದೇ ದಿನದಾಗ ಮೊಲಿ ಬಿಡೋದು ಭಾಳ ಅಪರೂಪ. ತಾನಾಗೇ ಬಿಡೋ ಕೂಸು ದೊಡ್ಡದಾದ ಮ್ಯಾಲೆ ನಿಧಾನ್ಕ ಬಿಡ್ತದ, ಬಿಟ್ಟು ಖುಷಿಯಿಂದನೂ ಇರ್ತದ. ಹಿಂಗ ಒಮ್ಮಿಗೇ ಒಲ್ಲೆ ಅಂತ ಅಳೋ ಕೂಸಿಗಿ ಏನೋ ತ್ರಾಸ ಆಗ್ಯಾದ ಅಂತ ತಿಳ್ಕೋಬೇಕು. ಇದಕ್ಕ ಡಾಕ್ಟರ್‌ಗಳು ನರ್ಸಿಂಗ್ ಸ್ಟ್ರೈಕ್ ಅಂತಾರ. ಸಾಮಾನ್ಯ 2ರಿಂದ 5 ದಿನ ಇರ್ತದ, ಕೆಲವು ಕೂಸುಗಳು ಹತ್ತು ದಿನನೂ ಹಟ ಹಿಡೀತಾವ, ಆಮ್ಯಾಲೆ ಹೆಚ್ಚಿನವು ತಿರುಗಿ ಕುಡೀತಾವ.

ಮೊದಲನೇ ಕೆಲಸ, ಕೂಸಿನ ಹೊಟ್ಟಿ. ಹಸಿವಾದ್ರ ತಾನೇ ಬರ್ತದ ಅಂತ ಉಪವಾಸ ಕೆಡವಬ್ಯಾಡ್ರಿ. ಹಸ್ದ ಕೂಸು ಮತ್ತಷ್ಟು ಅಳ್ತದ ಹೊರತು ಕುಡಿಯಂಗಿಲ್ಲ. ಎದಿಹಾಲು ಹಿಂಡಿ ಸಣ್ಣ ವಾಟಗಾದಾಗ ಇಲ್ಲಾ ಚಮಚಾದಾಗ ಕುಡಸ್ರಿ. ಕೂಸಿಗಿ ನಿಮ್ಮ ತೊಡಿ ಮ್ಯಾಲೆ ನೆಟ್ಟಗ ಕೂಡಿಸ್ಕೊಂಡು ವಾಟಗಾದ ಅಂಚು ಕೆಳಗಿನ ತುಟಿಗಿ ತಾಕ್ಸಿ ಸ್ವಲ್ಪ ಬಗ್ಗಿಸಿದ್ರ ಅದೇ ನೆಕ್ಕೊಂತ ಕುಡೀತದ, ಬಾಯಾಗ ಸುರೀಬಾರ್ದು, ನೆತ್ತಿಗಿ ಏರ್ತದ. ಬಾಟಲಿ ಯಾಕ ಬ್ಯಾಡ ಅಂದ್ರ ಅದರಾಗ ಹಾಲು ಪಟ್ಟಂತ ಬರ್ತಾವ, ಎದ್ಯಾಗ ಸ್ವಲ್ಪ ಚೀಪಬೇಕು, ಆ ರೂಢಿ ಬಿದ್ರ ಎದಿ ಮತ್ತಷ್ಟು ದೂರ ಆಗ್ತದ. 6 ತಿಂಗಳು ದಾಟಿದ ಕೂಸಿಗಿ ಮೆತ್ತಗ ಬೇಯ್ಸಿದ ಅನ್ನ ತೊಗರಿಬ್ಯಾಳಿ, ಜೋಳದ ಗಂಜಿ, ಬಾಳಿಹಣ್ಣು ಎಂದಿನಂಗ ಕೊಡ್ರಿ. ಚಹಾದಾಗ ಅದ್ದಿದ ಬಿಸ್ಕಿಟ್ ಬ್ಯಾಡ, ಜೇನುತುಪ್ಪನಂತೂ ವರ್ಷ ತುಂಬೋ ತನಕ ನೆಕ್ಕಸ್ಲೇಬಾರ್ದು.

ಎರಡನೇದು ನಿಮ್ಮ ಹಾಲು. ಇದು ಭಾಳ ಮಂದಿ ಮರೀತಾರ. ಕೂಸು ದಿನಾ ಎಷ್ಟು ಸಲ ಕುಡೀತಿತ್ತೋ ಅಷ್ಟು ಸಲ ಹಿಂಡಿ ತೆಗೀಬೇಕು, ಇಲ್ಲಾಂದ್ರ ಎದಿ ಬಿಗಿದು ಬಾವು ಬರ್ತದ, ಅದರ ಜೋಡಿ ಹಾಲು ಬರೋದೂ ಕಡಿಮಿ ಆಗ್ತದ, ಆಮ್ಯಾಲೆ ಕೂಸು ಒಪ್ಪಿ ಬಂದ್ರೂ ಎದ್ಯಾಗ ಹಾಲು ಸಾಲಂಗಿಲ್ಲ. ಪಂಪ್ ಇರ್ಲೇಬೇಕು ಅಂತಿಲ್ಲ, ಕೈ ಸಾಕು: ಕೈ ತೊಳ್ಕೊಂಡು, ಮೊಲಿತೊಟ್ಟಿನ ಸುತ್ತ ಇರೋ ಕಪ್ಪು ಭಾಗದ ಅಂಚಿನಾಗ ಹೆಬ್ಬಟ್ಟು ಮ್ಯಾಲೆ, ಉಳದ ಬಟ್ಟು ಕೆಳಗ ಇಟ್ಟು, ಮೊದಲು ಒಳಗ ಎದಿಗೂಡಿನ ಕಡೆ ಒತ್ತಿ ಆಮ್ಯಾಲೆ ಮೆಲ್ಲಕ ಹಿಸುಕಿ ಬಿಡ್ರಿ. ತೊಟ್ಟು ಎಳೀಬಾರ್ದು. ಮೊದಲು ಹನಿ ಹನಿ ಬರ್ತಾವ, ಆಮ್ಯಾಲೆ ಚಿಲ್ ಅಂತ ಹಾರ್ತಾವ. ಹಿಂಡಿದ ಹಾಲು ಹೊರಗ 4 ತಾಸು ಇರ್ತಾವ ಅಂತ ಹೇಳೋದು 25 ಡಿಗ್ರಿ ಒಳಗಿನ ಲೆಕ್ಕ, ನಮ್ಮ ಕಲಬುರಗಿ ಮೇ ತಿಂಗಳ ಬಿಸಿಲು 40 ದಾಟಿದಾಗ ಅದು ನಡಿಯಂಗಿಲ್ಲ, ಹಿಂಡಿದ ಕೂಡ್ಲೇ ಕುಡಸ್ರಿ ಇಲ್ಲಾ ಫ್ರಿಜ್ಜಿನಾಗ ಇಡ್ರಿ, ಅಲ್ಲಿ 4 ದಿನ ಇರ್ತಾವ. ಬೇಕಾದಾಗ ಗ್ಲಾಸು ಬಿಸಿನೀರಾಗ ಇಟ್ಟು ಬೆಚ್ಚಗ ಮಾಡ್ಬೇಕು, ಒಲಿ ಮ್ಯಾಲೆ ಕುದಸಬಾರ್ದು.

ಇಷ್ಟು ನಡದಿದ್ರ ಇನ್ನ ಕಾರಣ ಹುಡುಕ್ರಿ. ಬಾಯಿಂದ ಶುರು ಮಾಡ್ರಿ. ಹಲ್ಲು ಬರ್ಲಾಕತ್ತಾವೇನು, ಒಸಡು ಬಾತದೇನು, ಬಾಯಾಗ ಹುಣ್ಣು ಅದಾವೇನು, ಒರಸಿದ್ರೂ ಹೋಗದ ಬಿಳಿ ಕಲಿ ಅದಾವೇನು ನೋಡ್ರಿ. ಒಸಡಿನ ನೋವಿಗಿ ಕುಡಸೋ ಮುಂಚೆ ತಣ್ಣೀರಾಗ ಅದ್ದಿದ ಶುದ್ಧ ಬಟ್ಟಿ ಚೀಪ್ಲಾಕ ಕೊಡ್ರಿ. ಬಿಳಿ ಕಲಿಗಿ ಔಷಧ ಬೇಕು, ತಾಯಿಗೂ ಕೂಡೇ ಬೇಕಾಗ್ತದ. ಮೂಗು ಕಟ್ಟಿದ್ರ ಕೂಸು ಉಸಿರು ತಗೊಳ್ಳೋದೋ ಹಾಲು ಕುಡಿಯೋದೋ, ಎರಡೂ ಕೂಡೇ ಆಗಂಗಿಲ್ಲ, ಅದಕ್ಕ ಸಲೈನ್ ಡ್ರಾಪ್ಸ್ ಮೂಗಿಗಿ ಹಾಕಿ ಸ್ವಲ್ಪ ಹೊತ್ತಿನ ಮ್ಯಾಲೆ ಕುಡಸ್ರಿ. ಅಡ್ಡ ಮಲಗಿಸಿದ್ರ ಚೀರಿ, ನೆಟ್ಟಗ ಎತ್ಕೊಂಡ್ರ ಸುಮ್ಮಾಗಿ, ಪದೇ ಪದೇ ಕಿವಿ ಹಿಡ್ಕೋತಿದ್ರ ಕಿವಿ ನೋವು ಇರಬಹುದು. ಅದಕ್ಕ ಎಣ್ಣಿ ಕಾಸಿ ಕಿವ್ಯಾಗ ಹಾಕಬ್ಯಾಡ್ರಿ, ಡಾಕ್ಟರಿಗಿ ತೋರಸ್ರಿ. 9 ತಿಂಗಳಿಗಿ ದಡಾರ-ರುಬೆಲ್ಲಾ ಸೂಜಿ ಹಾಕ್ಸಿದ ಮ್ಯಾಲೆ ಕೈ ನೋವಿದ್ರ ಆ ಮಗ್ಗಲು ಒತ್ತಿ ಹಿಡಿದಾಗೂ ಕೂಸು ಒಲ್ಲೆ ಅಂತದ, ಮಗ್ಗಲು ಬದಲಸಿ ನೋಡ್ರಿ.

ತಾಯಿ ಕಡೆಯಿಂದನೂ ಕಾರಣ ಇರ್ತಾವ, ಇದರಾಗ ತಪ್ಪಂತ ಏನಿಲ್ಲ. ಹೊಸ ಸಾಬೂನು, ಮದಿವಿಗಿ ಹೋದಾಗ ಹಚ್ಕೊಂಡ ಅತ್ತರು, ಇಂಥ ವಾಸನಿಗೂ ಕೂಸು ಮುನೀತದ. ಹೊರಗಾಗೋದು ತಿರುಗಿ ಶುರುವಾದ್ರ ಆ ದಿನಗಳಾಗ ಹಾಲು ಸ್ವಲ್ಪ ಕಡಿಮಿ ಆಗ್ತಾವ, ಮತ್ತ ಬಸುರಾಗಿದ್ರ ಇನ್ನೂ ಕಡಿಮಿ ಆಗ್ತಾವ. ಎದಿ ಬಾತಿದ್ರ ಹಾಲು ಉಪ್ಪುಪ್ಪು ಆಗ್ತಾವ. ತೊಗರಿ ಕೊಯ್ಲಿನ ಟೈಮಿನಾಗ ಮುಂಜಾನಿಂದ ಸಂಜಿ ತನಕ ಹೊಲದಾಗ ಇದ್ದು ಬಂದ ತಾಯಿ ಎತ್ಕೊಂಡ್ರ ಕೂಸು ಮಾರಿ ತಿರುವಿದ್ರ ಅದು ಸಿಟ್ಟು, ಆ ಸಿಟ್ಟಿನ ಹಿಂದ ನೀವು ಬೇಕು ಅನ್ನೋದೇ ಇರ್ತದ. ಇನ್ನ ಕಚ್ಚಿದಾಗ ತಾಯಿ ಜೋರಾಗಿ ಚೀರಿದ್ರ ಕೂಸು ಅಂಜಿ ಬಿಡ್ತದ. ಮುಂದ ಕಚ್ಚಿದ್ರ ಚೀರಬ್ಯಾಡ್ರಿ, ಕಿರುಬೆರಳು ಬಾಯಿ ಮೂಲ್ಯಾಗ ಹಾಕಿ ಮೆಲ್ಲಕ ಬಿಡಸ್ರಿ.

ಈಗ ತಿರುಗಿ ಎದಿಗಿ ತರೋದು. ಒತ್ತಾಯ ಮಾಡಬ್ಯಾಡ್ರಿ, ತಲಿ ಹಿಡ್ದು ಎದಿಗಿ ಒತ್ತಬ್ಯಾಡ್ರಿ, ಹಂಗ ಮಾಡಿದಷ್ಟು ಎದಿ ಕಂಡ್ರೇ ಅಳೋದು ಹೆಚ್ಚಾಗ್ತದ. ಎದಿ ಅಂದ್ರ ಜಗಳದ ಜಾಗ ಅಲ್ಲ ಅಂತ ಕೂಸಿಗಿ ಗೊತ್ತಾಗ್ಬೇಕು. ಕುಡಸೋ ಮಾತೇ ಇಲ್ಲದ, ಕುಪ್ಪಸ ಬಿಚ್ಚಿ ಕೂಸಿನ ಬರೀ ಮೈ ನಿಮ್ಮ ಎದಿ ಮ್ಯಾಲೆ ಮಲಗಿಸ್ಕೊಂಡು ಆಡ್ರಿ, ಹಾಡ್ರಿ, ಕೂಡೇ ಜಳಕಾ ಮಾಡ್ರಿ. ಎಲ್ಲಕ್ಕಿಂತ ಛಲೋ ಟೈಮು ಅಂದ್ರ ನಿದ್ದಿ ಮಂಪರಿನಾಗ ಇದ್ದಾಗ, ಹಗಲು ಕಡ್ಡಿ ಮುರಿದಂಗ ಒಲ್ಲೆ ಅನ್ನೋ ಕೂಸು ನಡುರಾತ್ರಿ ಅರೆನಿದ್ದ್ಯಾಗ ಸದ್ದಿಲ್ದ ಕುಡೀತದ. ಟಿವಿ, ಮೊಬೈಲು ಬಂದ್ ಮಾಡಿ, ಮಂದಿ ಇಲ್ಲದ ಅರೆಗತ್ತಲ ಕ್ವಾಣ್ಯಾಗ ಕೂಡ್ರಿ. ಶರಣಬಸವೇಶ್ವರ ಜಾತ್ರಿ ಗದ್ದಲದಾಗ ಕುಡಿಲಿಲ್ಲ ಅಂತ ಗಾಬರಿ ಬ್ಯಾಡ, ಈ ವಯಸ್ಸಿನ ಕೂಸಿಗಿ ಸುತ್ತಲಿಂದು ನೋಡೋದೇ ದೊಡ್ಡ ಕೆಲಸ. ಕುಂತು ಒಲ್ಲೆ ಅಂದ್ರ ಎತ್ಕೊಂಡು ಅಡ್ಡಾಡ್ಕೋತ ಕುಡಸ್ರಿ. ಎದಿಗಿ ಹಚ್ಚೋ ಮುಂಚೆ ಸ್ವಲ್ಪ ಹಿಂಡಿ ಹಾಲು ಹರಿಯಂಗ ಮಾಡ್ಕೊಂಡ್ರ ಕೂಸು ಕಾಯೋದು ತಪ್ತದ. ಅತ್ರ ಕೂಡ್ಲೇ ನಿಲ್ಲಸಿ ಎತ್ಕೊಂಡು ಹೊರಗ ಹೋಗ್ರಿ, ಸ್ವಲ್ಪ ಹೊತ್ತು ಬಿಟ್ಟು ನೋಡ್ರಿ.

ದೃಷ್ಟಿ ತೆಗೀತೀನಿ ಅಂದ್ರ ಆಯಿ ಮನಸ್ಸು ನೋಯಸಬ್ಯಾಡ್ರಿ, ಖರೆ ಮೆಣಸಿನಕಾಯಿ ಸುಡೋ ಹೊಗಿ ಕೂಸಿನ ಹತ್ರ ಬ್ಯಾಡ, ಮೊದಲೇ ಮೂಗು ಕಟ್ಟಿರ್ತದ. ಮೊಲಿಗಿ ಬೇವು ಹಚ್ಚಿ ಇದ್ದಂಗೇ ಬಿಡಸಿಬಿಡೋಣ ಅಂದ್ರ ಮಾತ್ರ ಗಟ್ಟಿಯಾಗಿ ಬ್ಯಾಡ ಅನ್ರಿ. 2 ವರ್ಷ ಇಲ್ಲಾ ಅದಕ್ಕೂ ಮುಂದ ಊಟದ ಜೋಡಿ ಎದಿಹಾಲು ಕುಡಸ್ರಿ ಅಂತ ವಿಶ್ವ ಆರೋಗ್ಯ ಸಂಸ್ಥೆನೇ ಹೇಳ್ತದ. ಅತ್ತಿಯವರಿಗಿ ಈ ಮಾತು ಆಶಾ ಅಕ್ಕನ ಬಾಯಿಂದ ಹೇಳಸ್ರಿ, ಸೊಸಿ ಹೇಳೋದಕ್ಕಿಂತ ಜಲ್ದಿ ಒಪ್ತಾರ.

ಈ ದಿನಗಳಾಗ ಉಚ್ಚಿ ಲೆಕ್ಕ ಇಡ್ರಿ. 24 ತಾಸಿನಾಗ 6 ಸಲ ಬಟ್ಟಿ ಹಸಿಯಾದ್ರ ಹೊಟ್ಟಿಗಿ ಸಾಕಷ್ಟು ಹೋಗ್ಲಾಕತ್ತದ. 6 ತಾಸಾದ್ರೂ ಉಚ್ಚಿ ಇಲ್ಲ, ನೆತ್ತಿ ಒಳಗ ಹೋಗ್ಯಾದ, ಅತ್ರ ಕಣ್ಣೀರಿಲ್ಲ, ಬಾಯಿ ಒಣಗ್ಯಾದ, ಕೂಸು ಜೋತು ಬಿದ್ದದ, ಜೋರು ಜ್ವರ ಅದ, ವಾಟಗಾದಾಗ ಕೊಟ್ಟಿದ್ದೂ ಒಲ್ಲೆ ಅಂತದ, ಇದರಾಗ ಯಾವುದು ಕಂಡ್ರೂ ಬೆಳಗಾಗ್ಲಿ ಅಂತ ಕಾಯಬ್ಯಾಡ್ರಿ, ಸೀದಾ ದವಾಖಾನಿಗಿ ಹೋಗ್ರಿ. ಕಲಬುರಗಿಯೊಳಗ ಜಿಮ್ಸ್, ಬೀದರದಾಗ ಬ್ರಿಮ್ಸ್ ಅಂತ ದೊಡ್ಡ ಸರ್ಕಾರಿ ದವಾಖಾನಿ ಅದಾವ, ಹಳ್ಳ್ಯಾಗ ಇದ್ದವರು 108ಕ್ಕ ಫೋನ್ ಹಚ್ರಿ. ಅಷ್ಟು ಅರ್ಜೆಂಟ್ ಇಲ್ಲದ ಸಲಹಾ ಬೇಕಂದ್ರ 104 ಅದ. ನಿಮಗ ಎದಿ ಕೆಂಪಾಗಿ, ಗಟ್ಟಿ ಗಂಟಾಗಿ ಥಂಡಿ ಜ್ವರ ಬಂದ್ರ ನೀವೂ ತೋರಸ್ಕೋಬೇಕು, ಆದ್ರ ಹಾಲು ಹಿಂಡೋದು ನಿಲ್ಲಸಬಾರ್ದು.