ಹಳೇ ಫಿಯಟ್‌ಗೆ ತುಕ್ಕು ಹಿಡಿದಿದೆಯೇ? ತಗಡು ಬದಲಿಸುವುದು ಹೀಗೆ

ಮನೆಯಲ್ಲಿ ಹಳೇ ಫಿಯಟ್ ಅಥವಾ ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡವರಿಗೆ ಇಂಜಿನ್ ಚಿಂತೆ ಅಷ್ಟಾಗಿ ಕಾಡುವುದಿಲ್ಲ. 1089 ಸಿ.ಸಿ.ಯ ಆ ಇಂಜಿನ್ ಬಿಚ್ಚಿ ಕಟ್ಟಬಲ್ಲ ಮೇಸ್ತ್ರಿಗಳು ಹುಡುಕಿದರೆ ಇನ್ನೂ ಸಿಗುತ್ತಾರೆ. ಗಾಡಿ ಗುಜರಿ ಸೇರುವುದು ತುಕ್ಕಿನಿಂದ. ಮಂಗಳೂರು, ಕಾರವಾರದ ಉಪ್ಪುಗಾಳಿಯನ್ನೋ ಮಲೆನಾಡಿನ ಮಳೆಯನ್ನೋ ಉಂಡ ಗಾಡಿಯಾದರೆ ಕೇಳುವುದೇ ಬೇಡ.

1964ರಲ್ಲಿ ಮುಂಬೈನ ಕುರ್ಲಾದಿಂದ ಫಿಯಟ್ 1100 ಡಿಲೈಟ್ ಆಗಿ ಹೊರಬಂದು, 1974ರಿಂದ ಪದ್ಮಿನಿ ಎಂದು ಕರೆಸಿಕೊಂಡ ಈ ಕಾರಿಗೆ ಪ್ರತ್ಯೇಕ ಚಾಸಿ ಇಲ್ಲ. ನೆಲ, ಕಂಬ, ಛಾವಣಿ, ಬಾಗಿಲ ಕೆಳಗಿನ ಸಿಲ್ ಎಲ್ಲವನ್ನೂ ಬೆಸೆದು ಮಾಡಿದ ಬಾಡಿಯೇ ಭಾರ ಹೊರುತ್ತದೆ. ಹಾಗಾಗಿ ತುಕ್ಕು ಹಿಡಿದ ಸಿಲ್ ಬರೀ ಅಂದಗೇಡಿಯಲ್ಲ, ಗಾಡಿಯ ಬೆನ್ನೇ ಸೋತಿದೆ ಎಂದರ್ಥ. ಅದರ ಮೇಲೆ ತೇಪೆ ಹಾಕಿ ಪುಟ್ಟಿ ಬಳಿಯುವ ಕೆಲಸವನ್ನು ಯಾರಿಗೂ ಮಾಡಲು ಬಿಡಬೇಡಿ. ಮೇಲೆ ಥಳಕು, ಒಳಗೆ ಹುಳುಕು ಎನ್ನುವುದು ಇಂಥ ರಿಪೇರಿಗೇ ಹೇಳಿದ ಮಾತು. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಮತ್ತೆ ಗುಳ್ಳೆ ಏಳುತ್ತದೆ.

ಎಲ್ಲಿ, ಎಷ್ಟು ಹಾಳಾಗಿದೆ?

ಬಣ್ಣದ ಮೇಲೆ ಉಗುರಿನಷ್ಟು ಗುಳ್ಳೆ ಕಂಡರೆ ಒಳಗೆ ಅಂಗೈಯಗಲ ತುಕ್ಕು ಇರಬಹುದು. ಏಕೆಂದರೆ ಇದು ಹೆಚ್ಚಾಗಿ ಒಳಗಿನಿಂದ ಹೊರಗೆ ಬರುವ ಕಾಯಿಲೆ. ಬಾಗಿಲ ತಳದಲ್ಲಿ ನೀರು ಇಳಿದುಹೋಗಲು ಸಣ್ಣ ತೂತುಗಳಿವೆ. ಅವುಗಳಲ್ಲಿ ಮಣ್ಣು, ಎಲೆ ಕಟ್ಟಿಕೊಂಡರೆ ನೀರು ಅಲ್ಲೇ ನಿಲ್ಲುತ್ತದೆ. ಸಿಲ್ ಒಳಗೂ ಇದೇ ಕಥೆ. ಕಾರ್ಪೆಟ್ ಒಮ್ಮೆ ನೆನೆದರೆ ವಾರಗಟ್ಟಲೆ ಆರುವುದಿಲ್ಲ, ಅದರಡಿಯ ನೆಲದ ತಗಡು ಸದ್ದಿಲ್ಲದೆ ಕರಗುತ್ತದೆ.

ಸೀಟು, ಕಾರ್ಪೆಟ್ ತೆಗೆದು ಉದ್ದನೆಯ ಸ್ಕ್ರೂಡ್ರೈವರ್ ತುದಿಯಿಂದ ಎಲ್ಲಾ ಕಡೆ ಒತ್ತಿ ನೋಡಿ. ನೆಲ, ಸಿಲ್, ಮಡ್‌ಗಾರ್ಡಿನ ಒಳಬದಿ, ಡಿಕ್ಕಿಯ ತಳ, ಮುಂಗಾಜಿನ ರಬ್ಬರ್ ಕೆಳಗೆ, ಬ್ಯಾಟರಿ ಇಡುವ ಜಾಗ, ಒಂದನ್ನೂ ಬಿಡಬೇಡಿ. ಗಟ್ಟಿ ತಗಡು ಜಗ್ಗುವುದಿಲ್ಲ. ತುಕ್ಕು ತಿಂದದ್ದು ಕರಕರ ಎಂದು ಒಳಕ್ಕೆ ಹೋಗುತ್ತದೆ. ತೆಳು ಬಟ್ಟೆ ಸುತ್ತಿದ ಮ್ಯಾಗ್ನೆಟ್ ಅನ್ನು ಬಾಡಿಯ ಮೇಲೆ ಆಡಿಸಿದರೆ ಹಳೇ ಪುಟ್ಟಿಯ ಜಾಗವೂ ಗೊತ್ತಾಗುತ್ತದೆ, ಅಲ್ಲಿ ಅದು ಹಿಡಿಯುವುದೇ ಇಲ್ಲ. ಸಿಕ್ಕಿದ್ದನ್ನೆಲ್ಲಾ ಚಾಕ್‌ಪೀಸಿನಲ್ಲಿ ಗುರುತು ಹಾಕಿ, ಫೋಟೋ ತೆಗೆದಿಡಿ.

ತಗಡಿಗೆ ಕೈ ಹಾಕುವ ಮೊದಲು ಮುಂಗಾಜಿನ ಮೇಲೆ ನಾಲ್ಕು ಮಗ್ಗು ನೀರು ಸುರಿದು, ಅದು ಎಲ್ಲಿಂದ ಒಳಗೆ ಇಳಿಯುತ್ತದೆ ನೋಡಿ. ಸೋರುವ ರಬ್ಬರನ್ನು ಹಾಗೇ ಬಿಟ್ಟು ಹೊಸ ನೆಲ ಹಾಕಿಸಿದರೆ ದುಡ್ಡು ನೀರಿಗೆ ಹಾಕಿದಂತೆಯೇ, ಅಲ್ವಾ?

ತಗಡು ಹೊಂದಿಸುವುದು

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ, ಶಿವಾಜಿನಗರದ ಗುಜರಿಯಲ್ಲಿ ಮೊದಲು ವಿಚಾರಿಸಿ. ಮಡ್‌ಗಾರ್ಡು, ಬಾನೆಟ್, ಬಾಗಿಲಿನಂಥವು ಅದೃಷ್ಟವಿದ್ದರೆ ಹಳೆಯದೇ ಸಿಗುತ್ತವೆ. ಸ್ವಲ್ಪ ನೆಗ್ಗಿದ್ದರೂ ತುಕ್ಕಿಲ್ಲದ ಮೂಲ ಭಾಗವೇ ನನ್ನ ಆಯ್ಕೆ. ನೆಗ್ಗನ್ನು ಬಡಿದು ತೆಗೆಯಬಹುದು, ತಿರುವು ಸರಿಯಿಲ್ಲದ ನಕಲಿ ತಗಡನ್ನು ಹೊಂದಿಸಲು ಹೆಣಗಬೇಕು.

ನೆಲ, ಸಿಲ್ ತುಂಡುಗಳನ್ನು ಸಿ.ಆರ್. ಶೀಟಿನಲ್ಲಿ, ಅಂದರೆ ಲೇಪನವಿಲ್ಲದ ನಯವಾದ ಉಕ್ಕಿನ ತಗಡಿನಲ್ಲಿ, ಮಾಡಿಸಬಹುದು. ಸಾಮಾನ್ಯವಾಗಿ ಹೊರಮೈಗೆ 20 ಗೇಜ್, ಅಂದರೆ ಸುಮಾರು 0.9 ಮಿ.ಮೀ., ಭಾರ ಹೊರುವ ಕಡೆ 18 ಗೇಜ್, ಸುಮಾರು 1.2 ಮಿ.ಮೀ. ಹಾಕುತ್ತಾರೆ. ಆದರೂ ನಿಮ್ಮ ಗಾಡಿಯ ಗಟ್ಟಿ ಜಾಗದ ದಪ್ಪ ಅಳೆದೇ ತನ್ನಿ. ತುಕ್ಕು ಹಿಡಿಯುವುದಿಲ್ಲ ಎಂದು ಸತು ಲೇಪಿಸಿದ ಜಿ.ಐ. ಶೀಟ್ ಕೊಡಲು ಬಂದರೆ ಬೇಡ ಎನ್ನಿ. ವೆಲ್ಡಿಂಗ್ ಬಿಸಿಗೆ ಅದರ ಸತು ಸುಟ್ಟು ಏಳುವ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ, ಬೆಸುಗೆಯೂ ಕೆಡುತ್ತದೆ.

ಕತ್ತರಿಸುವ ಮೊದಲು

ಇಲ್ಲಿ ಅವಸರ ಮಾಡಿದರೆ ಮುಂದೆ ಏನು ಮಾಡಿದರೂ ಸರಿಹೋಗುವುದಿಲ್ಲ. ಸಿಲ್ ತೆಗೆದ ಕೂಡಲೇ ಬಾಡಿ ನಡುವಿನಲ್ಲಿ ಕುಸಿಯಬಹುದು. ಎರಡು ಮಿ.ಮೀ. ಕುಸಿದರೂ ಸಾಕು, ಬಾಗಿಲು ಕೂರುವುದಿಲ್ಲ.

ಗಾಡಿಯನ್ನು ಸಮತಟ್ಟು ಸಿಮೆಂಟ್ ನೆಲದ ಮೇಲೆ ನಿಲ್ಲಿಸಿ. ಮುಂದೆ ಸಸ್ಪೆನ್ಷನ್ ಕೂತಿರುವ ಗಟ್ಟಿ ಜಾಗಕ್ಕೆ, ಹಿಂದೆ ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಡಿ. ಬರೀ ಜ್ಯಾಕ್ ನಂಬಿ ಗಾಡಿ ಕೆಳಗೆ ಹೋಗಲೇಬೇಡಿ. ಆಮೇಲೆ ಬಾಗಿಲು ಹಾಕಿ, ಸುತ್ತಲಿನ ಸಂದು ಎಲ್ಲೆಲ್ಲಿ ಎಷ್ಟಿದೆ ಎಂದು ಅಳೆದು ಬರೆದುಕೊಳ್ಳಿ. ಬಾಗಿಲು ತೆಗೆದ ಮೇಲೆ ಚೌಕಟ್ಟಿಗೆ ಅಡ್ಡಲಾಗಿ, ಮತ್ತೆ ಬಾಗಿಲು ಹಾಕಿ ನೋಡಲು ಅಡ್ಡಿಯಾಗದಂತೆ ಒಳಬದಿಯಲ್ಲಿ, ಮೂಲೆಯಿಂದ ಮೂಲೆಗೆ ಚೌಕ ಪೈಪ್ ಇಟ್ಟು ತಾತ್ಕಾಲಿಕವಾಗಿ ಬೆಸೆಯಿರಿ. ಹೊಸ ಸಿಲ್ ಪೂರ್ತಿ ಕೂರುವ ತನಕ ಈ ಪೈಪ್ ಮುಟ್ಟುವ ಹಾಗಿಲ್ಲ. ಎರಡೂ ಬದಿಯ ಸಿಲ್‌ಗಳನ್ನು ಒಟ್ಟಿಗೆ ಕತ್ತರಿಸುವುದೂ ಬೇಡ. ಒಂದು ಬದಿ ಮುಗಿಸಿ, ಇನ್ನೊಂದಕ್ಕೆ ಹೋಗಿ.

ಬ್ಯಾಟರಿ ಬಿಚ್ಚಿ. ಪೆಟ್ರೋಲ್ ಟ್ಯಾಂಕನ್ನು ಇಳಿಸಿ ದೂರ ಸಾಗಿಸಿ. ಟ್ಯಾಂಕ್ ಖಾಲಿ ಇದೆಯಲ್ಲ ಎಂದು ಸುಮ್ನೆ ಬಿಡಬೇಡಿ, ಒಳಗೆ ಉಳಿದ ಆವಿಗೆ ಬೆಂಕಿ ತಾಗಿದರೆ ಸಿಡಿಯುತ್ತದೆ. ವೈರುಗಳನ್ನು ಸರಿಸಿ, ನೆಲಕ್ಕೆ ಅಂಟಿಸಿದ ಡಾಂಬರು ಹಾಳೆಯನ್ನು ಕೆರೆದು ತೆಗೆಯಿರಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಂತಿರಲಿ. ಕನ್ನಡಕ, ಮಾಸ್ಕ್, ಚರ್ಮದ ಕೈಗವಸು ಇಲ್ಲದೆ ಗ್ರೈಂಡರ್ ಹಿಡಿಯಬೇಡಿ.

ಕತ್ತರಿಸಿ ಹೊಂದಿಸುವುದು

ಕಂಪನಿಯಲ್ಲಿ ತಗಡುಗಳನ್ನು ಸ್ಪಾಟ್ ವೆಲ್ಡಿಂಗಿನಿಂದ ಜೋಡಿಸಿರುತ್ತಾರೆ. ಬಣ್ಣ ಕೆರೆದರೆ ಅಂಚಿನುದ್ದಕ್ಕೂ ಸಣ್ಣ ಗುಂಡು ಗುರುತುಗಳು ಸಾಲಾಗಿ ಕಾಣುತ್ತವೆ. ಅವನ್ನು 8 ಮಿ.ಮೀ. ಸ್ಪಾಟ್ ಕಟರ್‌ನಿಂದ ಮೇಲಿನ ತಗಡಿನಷ್ಟು ಮಾತ್ರ ಕೊರೆದರೆ ಹಳೇ ಭಾಗ ಬಿಟ್ಟುಕೊಳ್ಳುತ್ತದೆ, ಕೆಳಗಿನ ತಗಡು ಉಳಿಯುತ್ತದೆ. ಹಾಗೆ ಬಿಡಿಸಲಾಗದ ಕಡೆ ತೆಳು ಕಟಿಂಗ್ ವೀಲ್ ಬಳಸಿ. ಮೊದಲು ಗುರುತಿಗಿಂತ ಸ್ವಲ್ಪ ಒಳಗೇ ಕತ್ತರಿಸಿ, ಆಮೇಲೆ ಹೊಳೆಯುವ ಒಳ್ಳೆ ತಗಡು ಸಿಗುವವರೆಗೆ ಅಂಚನ್ನು ಹಿಂದಕ್ಕೆ ಒಯ್ಯಿರಿ.

ಸಿಲ್ ತೆರೆದಾಗ ಎದೆ ಒಡೆದುಕೊಳ್ಳಬೇಡಿ. ಕಂದು ಚೂರುಗಳು ಹಳೇ ಹಪ್ಪಳದ ಹಾಗೆ ಪದರು ಪದರಾಗಿ ಉದುರುತ್ತವೆ, ಜೊತೆಗೆ ಹಿಡಿಗಟ್ಟಲೆ ಕೆಂಪು ಮಣ್ಣು. ಎಲ್ಲವನ್ನೂ ಬಾಚಿ, ವೈರ್ ಬ್ರಶ್ ಹಾಕಿ, ಒಳಗೋಡೆಯ ತಗಡನ್ನೂ ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಒಳಗೋಡೆ ಕೊಳೆತಿದ್ದರೆ ಮೊದಲು ಅದನ್ನು ಸರಿಮಾಡಬೇಕು. ಹೊರಗಿನದನ್ನು ಮುಚ್ಚಿದ ಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ.

ತೆಗೆದ ತುಂಡನ್ನು ಎಸೆಯಬೇಡಿ. ಎಷ್ಟೇ ಚಿಂದಿಯಾಗಿದ್ದರೂ ಅದರ ಮಡಿಕೆ, ತಿರುವು, ತೂತಿನ ಜಾಗ ನಿಮಗೆ ಬೇಕು. ಅದನ್ನಿಟ್ಟು ರಟ್ಟಿನಲ್ಲಿ ಅಚ್ಚು ಕತ್ತರಿಸಿ, ಗಾಡಿಗೆ ಹಿಡಿದು ನೋಡಿ, ಸರಿಯಾದ ಮೇಲೆ ತಗಡಿಗೆ ಗೆರೆ ಹಾಕಿ. ಹೊಸ ತುಂಡು ಒತ್ತಡವಿಲ್ಲದೆ ತಾನಾಗಿ ಕೂರಬೇಕು. ಕ್ಲಾಂಪ್ ಹಾಕಿ, ಬಾಗಿಲು ತೂಗುಹಾಕಿ, ಬರೆದಿಟ್ಟ ಸಂದಿನ ಅಳತೆ ಮತ್ತೆ ನೋಡಿ. ಬೇಸರ ಮಾಡಿಕೊಳ್ಳದೆ ಎಷ್ಟು ಸಲ ಬೇಕಾದರೂ ಹೀಗೆ ಹಾಕಿ ತೆಗೆಯಿರಿ.

ಬೆಸುಗೆ

ವೆಲ್ಡಿಂಗ್ ಗೊತ್ತಿಲ್ಲದವರು ಬಿಚ್ಚುವುದು, ಅಳೆಯುವುದು, ಹೊಂದಿಸುವುದನ್ನು ತಾವೇ ಮಾಡಿ, ಇದೊಂದನ್ನು ನುರಿತ ಟಿಂಕರ್‌ಗೆ ಬಿಡುವುದು ಒಳ್ಳೆಯದು. ಗಾಡಿಯ ಜೀವ ಇರುವುದು ಈ ಬೆಸುಗೆಯಲ್ಲಿ. ಗ್ಯಾಸ್ ವೆಲ್ಡಿಂಗಿನಲ್ಲಿ ಬಿಸಿ ಜಾಸ್ತಿ ಹರಡಿ ತೆಳು ತಗಡು ಸೊಟ್ಟಗಾಗುತ್ತದೆ. ಗ್ಯಾರೇಜಿನಲ್ಲಿ ಸಿ.ಓ.ಟೂ ಎನ್ನುವ ಮಿಗ್ ವೆಲ್ಡಿಂಗ್, 0.6 ಅಥವಾ 0.8 ಮಿ.ಮೀ. ವೈರಿನೊಂದಿಗೆ, ಈ ಕೆಲಸಕ್ಕೆ ಸರಿ.

ಉದ್ದಕ್ಕೆ ಒಂದೇ ಗೆರೆ ಎಳೆಯಲು ಬಿಡಬೇಡಿ. ಮೊದಲು ಎರಡು ತುದಿಗೆ ಒಂದೊಂದು ಚುಕ್ಕಿ, ಆಮೇಲೆ ನಡುವೆ ಒಂದು, ಮತ್ತೆ ಅವುಗಳ ಮಧ್ಯೆ. ಪ್ರತಿ ಚುಕ್ಕಿಯೂ ಕೈಗೆ ತಣ್ಣಗಾದ ಮೇಲೆ ಪಕ್ಕದ್ದು. ಹೀಗೆ ಸಂದುಗಳನ್ನು ನಿಧಾನವಾಗಿ ತುಂಬಿಕೊಂಡು ಬರಬೇಕು. ನೀರು ಸುರಿದು ತಣಿಸಬಾರದು. ತಗಡಿನ ಮೇಲೆ ತಗಡು ಕೂರುವ ಕಡೆ, ಮೇಲಿನದಕ್ಕೆ 6ರಿಂದ 8 ಮಿ.ಮೀ. ತೂತು ಹೊಡೆದು, ಅದನ್ನು ಬೆಸುಗೆಯಿಂದ ತುಂಬಿದರೆ ಕಂಪನಿಯ ಸ್ಪಾಟ್‌ನಂತೆಯೇ ಹಿಡಿಯುತ್ತದೆ. ಮುಗಿದ ಮೇಲೆ ಒಂದು ಗಂಟೆಯಾದರೂ ಗಾಡಿ ಬಿಟ್ಟು ಹೋಗಬೇಡಿ. ಎಲ್ಲೋ ಮೂಲೆಯಲ್ಲಿ ಕಿಡಿ ಹೊಗೆಯಾಡುತ್ತಿರಬಹುದು.

ನೀರು ಮತ್ತೆ ನಿಲ್ಲದಂತೆ

ಬೆಸುಗೆ ಉಜ್ಜಿ ಸಮ ಮಾಡಿ, ಎಣ್ಣೆ ಜಿಡ್ಡು ಒರೆಸಿ, ಅದೇ ದಿನ ಎಪಾಕ್ಸಿ ಪ್ರೈಮರ್ ಹೊಡೆಸಿ. ಮಳೆಗಾಲದಲ್ಲಿ ಬರಿ ತಗಡು ರಾತ್ರಿ ಕಳೆದರೆ ಸಾಕು, ಕೆಂಪಗಾಗುತ್ತದೆ. ಜೋಡಣೆಗಳಿಗೆ ನೀರು ನುಗ್ಗದಂತೆ ತಡೆಯುವ ಅಂಟು, ಸೀಮ್ ಸೀಲರ್ ತುಂಬಿಸಿ. ಪುಟ್ಟಿ ಕೊನೆಗೆ, ಅದೂ 2 ಮಿ.ಮೀ. ಮೀರದಂತೆ.

ಬಣ್ಣ ಬದಲಿಸುವುದಾದರೆ ಆರ್.ಟಿ.ಓ.ದಲ್ಲಿ ಆರ್.ಸಿ.ಗೆ ಸೇರಿಸಲೇಬೇಕು. ಚಾಸಿ ನಂಬರ್ ಕೊರೆದ ತಗಡನ್ನು ಯಾವ ಕಾರಣಕ್ಕೂ ಕತ್ತರಿಸುವ ಹಾಗಿಲ್ಲ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ಬಂದ ವಿಂಟೇಜ್ ನಿಯಮದಡಿ ‘ವಿಎ’ ಸರಣಿಯ ನಂಬರ್ ಪಡೆಯುವ ಆಸೆಯಿದ್ದರೆ ಇನ್ನೂ ಎಚ್ಚರ ಬೇಕು. ಚಾಸಿ, ಬಾಡಿ, ಇಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು ಎನ್ನುತ್ತದೆ ಆ ನಿಯಮ. ಹಾಗಾಗಿ ಮೂಲ ಆಕಾರವನ್ನೇ ಉಳಿಸಿ, ಕೆಲಸದ ಫೋಟೋಗಳನ್ನು ಕಾದಿಡಿ.

ಬಣ್ಣ ಒಣಗಿದ ಮೇಲೆ ಸಿಲ್, ಬಾಗಿಲು, ಕಂಬಗಳ ಒಳಗೆ ಸಣ್ಣ ಪೈಪಿನಿಂದ ಕ್ಯಾವಿಟಿ ವ್ಯಾಕ್ಸ್, ಅಂದರೆ ತುಕ್ಕು ತಡೆಯುವ ಮೇಣ, ಹೊಡೆಸಿ. ನೀರಿಳಿಯುವ ತೂತುಗಳು ವ್ಯಾಕ್ಸ್‌ನಿಂದ ಮುಚ್ಚಿಹೋಗಿದ್ದರೆ ತಂತಿ ತೂರಿಸಿ ಬಿಡಿಸಿ. ಪ್ರತಿವರ್ಷ ಮೇ ತಿಂಗಳಲ್ಲಿ, ಮುಂಗಾರು ಇಳಿಯುವ ಮೊದಲು, ಆ ತಂತಿ ಹಿಡಿದು ಒಂದು ಸುತ್ತು ಬನ್ನಿ.